ಕೊರಡು ಎಳೆದ ವರ್ಷ

ರೈತರ ಅಧ್ಯಯನ ಪ್ರವಾಸ ಎಂದರೆ ನಮ್ಮ ಕಡೆ ಜನ ನಗುತ್ತಾರೆ. ಬಸ್ಸಲ್ಲಿ ಕೂತು, ಅವರು ಕೊಟ್ಟ ಚಿತ್ರಾನ್ನ ತಿಂದು, ದಾರಿಯಲ್ಲಿ ಸಿಕ್ಕ ದೇವಸ್ಥಾನಕ್ಕೆಲ್ಲ ಕೈಮುಗಿದು, ಯಾರದೋ ಹೊಲದ ಬದುವಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುವುದಕ್ಕೆ ಇಟ್ಟ ದೊಡ್ಡ ಹೆಸರು ಅದು ಎಂದು ಅವರ ಅಭಿಪ್ರಾಯ. ಅದು ಪೂರ್ತಿ ಸುಳ್ಳೂ ಅಲ್ಲ. ನಾನೂ ಚಿತ್ರಾನ್ನ ತಿಂದಿದ್ದೇನೆ, ಫೋಟೋದಲ್ಲಿ ನಿಂತಿದ್ದೇನೆ. ಆದರೆ ಅಲ್ಲಿಂದ ನಾನು ಏನು ತಂದೆ, ಅದನ್ನು ನಮ್ಮ ನೆಲಕ್ಕೆ ಇಳಿಸಲು ಎಷ್ಟು ಬಾಯಿಗಳ ಜತೆ ಜಗಳ ಆಡಬೇಕಾಯಿತು ಎನ್ನುವುದು ನಗುವವರಿಗೆ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ನಮ್ಮ ಜಮೀನು ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತದೆ. ಮೂರು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ಕೆರೆಯ ಕೋಡಿ. ಮಧ್ಯಾಹ್ನ ಮೂರು ಗಂಟೆಗೆಲ್ಲ ಪಶ್ಚಿಮದ ಕಟ್ಟಡದ ನೆರಳು ಬಂದು ನಮ್ಮ ಪೈರಿನ ಮೇಲೆ ಮಲಗುತ್ತದೆ. ಜಮೀನು ಇರುವುದು ನನ್ನ ಅತ್ತೆಯ ಹೆಸರಿನಲ್ಲಿ. ಅತ್ತೆಗೆ ಇಬ್ಬರು ಗಂಡುಮಕ್ಕಳು. ಹಿರಿಯವರು ನನ್ನ ಭಾವ. ಕಟ್ಟಡ ಕಟ್ಟಿಸುವುದು, ಬಾಡಿಗೆಗೆ ಬಿಡುವುದು ಅವರ ಕೆಲಸ. ಬ್ಯಾಟರಾಯನಪುರದಲ್ಲೊಂದು, ಆರ್.ಟಿ. ನಗರದಲ್ಲೊಂದು ಎಂದು ಕಟ್ಟಿಸುತ್ತಲೇ ಇದ್ದಾರೆ. ಕಿರಿಯವರು ನನ್ನ ಗಂಡ. ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅಣ್ಣ ಹೇಳಿದ್ದೂ ಸರಿ, ಹೆಂಡತಿ ಹೇಳಿದ್ದೂ ಸರಿ ಎಂದು ಎರಡು ಕಡೆಗೂ ತಲೆಯಾಡಿಸಿ ಶಟರ್ ಎತ್ತಲು ಹೊರಟುಬಿಡುವ ಮನುಷ್ಯ. ಹೊಲ ಮಾಡುವವಳು ನಾನು.

ಭಾವನಿಗೆ ಆ ಜಮೀನನ್ನು ಬಿಲ್ಡರ್‌ಗೆ ಕೊಡಬೇಕು ಎಂದು ಬಹಳ ದಿನದ ಆಸೆ. ಹಿಂದಿನ ಎರಡು ವರ್ಷ ನಮ್ಮ ರಾಗಿ ಅವರ ಪರವಾಗಿಯೇ ಸಾಕ್ಷಿ ಹೇಳಿತ್ತು. ಟ್ರ್ಯಾಕ್ಟರ್‌ನಲ್ಲಿ ಉತ್ತು, ಬೀಜ ಎರಚಿ, ಕಳೆ ಕೀಳಲು ಆಳು ಸಿಗದೆ, ಕೊನೆಗೆ ಕಳೆ ಯಾವುದು ರಾಗಿ ಯಾವುದು ಎಂದು ಬಗ್ಗಿ ನೋಡಬೇಕಾದ ಸ್ಥಿತಿ. ಬಂದ ಕಾಳು ನಮ್ಮ ಮನೆಗೇ ಸಂಕ್ರಾಂತಿ ದಾಟಿ ಸ್ವಲ್ಪ ದಿನಕ್ಕೆ ಮುಗಿಯಿತು. ಆಮೇಲೆ ನಾನು ಅಂಗಡಿಯಿಂದ ರಾಗಿಹಿಟ್ಟಿನ ಪ್ಯಾಕೆಟ್ ತರುವಾಗ ಭಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಮ್ ಜಮೀನಿಂದೇನಾ?" ಎಂದು ಕೇಳಿದ್ದರು. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ.

ಆ ಯುಗಾದಿಯಲ್ಲಿ ಮನೆಯವರೆಲ್ಲ ಕೂತಿದ್ದಾಗ ಅವರೇ ಒಂದು ಮಾತು ಇಟ್ಟರು. "ಈ ವರ್ಷ ಎರಡು ಮನೆಗೂ ವರ್ಷ ಪೂರ್ತಿ ಆಗೋಷ್ಟು ರಾಗಿ ಬರ್ಲಿ, ಆಮೇಲೆ ಜಮೀನಿನ ಬಗ್ಗೆ ನಾನು ಬಾಯೇ ಬಿಡಲ್ಲ. ಬರ್ಲಿಲ್ವಾ, ಅಮ್ಮ ಅಗ್ರಿಮೆಂಟ್‌ಗೆ ಸೈನ್ ಹಾಕ್ಬೇಕು." ಅತ್ತೆ ಎಲೆಗೆ ಸುಣ್ಣ ಸವರುತ್ತ "ಆಗ್ಲಿ" ಎಂದರು. ನನ್ನ ಗಂಡ ತಲೆಯಾಡಿಸಿದರು. ನಾನೂ ಒಪ್ಪಿದೆ.

ಇಷ್ಟೊಂದು ಹಟ ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಓರಗಿತ್ತಿಯೇ ಕೇಳಿದ್ದಾಳೆ. ನನಗೆ ರಾಗಿ ಬೆಳೆಯುವುದು ಇಷ್ಟ. ಅಷ್ಟೇ. ಭಾವನಿಗೆ ಕಟ್ಟಡ ಕಟ್ಟಿಸುವುದು ಯಾಕೆ ಇಷ್ಟ ಎಂದು ಇದುವರೆಗೆ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಮೇ ತಿಂಗಳಲ್ಲಿ ನಮ್ಮ ಮಹಿಳಾ ಸಂಘದವರಿಗೆ ಹಾವೇರಿ ಕಡೆಗೆ ಪ್ರವಾಸ ಎಂದು ಗೊತ್ತಾಯಿತು. ನಾನು ಮೊದಲು ಹೆಸರು ಕೊಟ್ಟೆ. "ದೇಶ ಸುತ್ತು, ಕೋಶ ಓದು ಅಂತಾರಲ್ಲ, ಸುತ್ತಿ ಬಾ" ಎಂದು ಭಾವ ನಕ್ಕರು. ಬೆಳಗಿನ ಜಾವವೇ ಹೊರಟೆವು. ಯಶವಂತಪುರ ದಾಟಿ ನಾಗಸಂದ್ರದ ಮೆಟ್ರೋ ಸ್ಟೇಷನ್ ಕೆಳಗೆ ಬಸ್ಸು ಸಿಕ್ಕಿಹಾಕಿಕೊಂಡಿದ್ದಾಗಲೇ ಹಿಂದಿನ ಸೀಟಿನವರು ಅಂತ್ಯಾಕ್ಷರಿ ಶುರುಮಾಡಿದ್ದರು. ತುಮಕೂರು ಬರುವ ಹೊತ್ತಿಗೆ ಚಿತ್ರಾನ್ನದ ಡಬ್ಬಿ ಖಾಲಿ. ಪಿಕ್ನಿಕ್ ಎಂದು ನಗುವವರು ಅಲ್ಲಿಯವರೆಗೆ ಗೆದ್ದಿದ್ದರು ಎಂದು ಒಪ್ಪುತ್ತೇನೆ.

ನಮಗೆ ಹೊಲ ತೋರಿಸಿದವಳು ಒಬ್ಬ ಮುದುಕಿ. ಊರಿಗೆಲ್ಲ ಕೇಳುವ ಗಂಟಲು, ಹಣೆ ತುಂಬ ಕುಂಕುಮ. ನಾವು ಬೆಂಗಳೂರಿನವರು ಎಂದ ಕೂಡಲೇ ಸೊಂಟದ ಮೇಲೆ ಕೈ ಇಟ್ಟು ನಕ್ಕಳು. "ಬೆಂಗಳೂರಾಗ ರಾಗಿ ಬೆಳೀತೀರೇನವಾ? ಬರೇ ಬಿಲ್ಡಿಂಗ್ ಬೆಳೀತಾವಂತ ತಿಳದಿದ್ದೆ ನಾ!" ನನಗೆ ಸಿಟ್ಟು ಬಂತು. "ಅವೂ ಬೆಳೀತವೆ ಅವ್ವಾ, ಮಧ್ಯದಲ್ಲಿ ನಾವೂ ಬೆಳೀತೀವಿ" ಎಂದೆ. "ಬಾಯಿ ಜೋರೈತಿ. ಬಾ, ನೀನ ಮುಂದ ಬಾ" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಅಲ್ಲಿಂದ ಬರುವವರೆಗೆ ಅವಳು ನನ್ನನ್ನು ಬಿಡಲಿಲ್ಲ.

ಅವರು ಮಾಡುವುದಕ್ಕೆ ಗುಳಿ ರಾಗಿ ಎಂದು ಹೆಸರು. ಬೀಜ ಎರಚುವುದಿಲ್ಲ. ಮಡಿಯಲ್ಲಿ ಸಸಿ ಮಾಡಿಕೊಂಡು, ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಸೇರುವ ಕಡೆಯೆಲ್ಲ ಒಂದು ಸಣ್ಣ ಗುಳಿ ತೋಡಿ, ಹಿಡಿ ಗೊಬ್ಬರ ಹಾಕಿ, ಒಂದೋ ಎರಡೋ ಸಸಿ ಕೂರಿಸುತ್ತಾರೆ. ಗಿಡಕ್ಕೂ ಗಿಡಕ್ಕೂ ಒಂದು ಮೊಳದಷ್ಟು ಅಂತರ. ಅಷ್ಟು ನೆಲ ಖಾಲಿ ಬಿಟ್ಟರೆ ತಿನ್ನುವುದೇನು ಎಂದು ನಮ್ಮವರು ಗೊಣಗಿದರು. ಅದನ್ನಾದರೂ ಸಹಿಸಬಹುದಿತ್ತು. ಆಮೇಲೆ ಮುದುಕಿ ಒಂದು ಕೆಲಸ ತೋರಿಸಿದಳು. ನೀರಿನ ಅನುಕೂಲ ಇದ್ದ ಒಂದು ತುಂಡು ನೆಲದಲ್ಲಿ, ಬಂದವರಿಗೆ ತೋರಿಸುವುದಕ್ಕೆಂದೇ ಬೇಸಿಗೆಯಲ್ಲೂ ರಾಗಿ ಹಾಕಿದ್ದರು. ಗೇಣುದ್ದದ ಎಳೆ ಪೈರು. ಅದರ ಮೇಲೆ ಎತ್ತು ಕಟ್ಟಿ ಒಂದು ಮರದ ದಿಮ್ಮಿಯನ್ನು ಅಡ್ಡಡ್ಡ ಮಲಗಿಸಿ ಎಳೆಸಿಕೊಂಡು ಹೋದರು.

ಪೈರೆಲ್ಲ ಮಲಗಿಬಿಟ್ಟಿತು. ನಮ್ಮ ಗುಂಪಿನಲ್ಲಿ ಒಬ್ಬಳು "ಅಯ್ಯೋ, ಪಾಪ ತಟ್ಟುತ್ತೆ ಕಣ್ರೀ" ಎಂದು ಕೂಗಿಯೇಬಿಟ್ಟಳು. ತೆನೆ ಬರುವ ಮುಂಚೆ ಪೈರನ್ನು ತುಳಿಯಬಾರದು ಎಂದು ಕೇಳುತ್ತ ಬೆಳೆದವಳು ನಾನು. ಇಲ್ಲಿ ಬೆಳೆದವರೇ ಅದರ ಮೇಲೆ ದಿಮ್ಮಿ ಎಳೆಯುತ್ತಿದ್ದಾರೆ.

"ಇದಕ್ಕ ಕೊರಡು ಅಂತೀವಿ. ಸೊಕ್ಕು ಮುರೀಬೇಕು ಅದರದು" ಎಂದಳು ಮುದುಕಿ. "ಮ್ಯಾಲ ಹೋಗೂದು ನಿಂತರ ಬಾಜೂಕ ಮರಿ ಹೊಡೀತೈತಿ. ನಾಳಿ ಬಂದು ನೋಡ್ರಿ, ಎದ್ದು ನಿಂತಿರ್ತೈತಿ." ನಾಳೆ ನಾವು ಇರುತ್ತಿರಲಿಲ್ಲ. ಅದಕ್ಕೆ ಅವಳು ಹಿಂದಿನ ತಿಂಗಳು ಕೊರಡು ಎಳೆದ ಪಕ್ಕದ ಪಟ್ಟಿಗೆ ಕರೆದುಕೊಂಡು ಹೋದಳು. ಒಂದೊಂದು ಬುಡದಲ್ಲಿ ನಾವು ತೆಂಡೆ ಎನ್ನುವ ಮರಿಗಳು ಎಷ್ಟು ಒಡೆದಿದ್ದವೆಂದರೆ ನನ್ನ ಎರಡು ಕೈಯ ಬೊಗಸೆಗೂ ಬುಡ ಸಿಕ್ಕುತ್ತಿರಲಿಲ್ಲ. ಮಧ್ಯೆ ಮಧ್ಯೆ ಮೂರು ನಾಲ್ಕು ಸಲ ಹಾಗೆ ಎಳೆಯಬೇಕು, ಕಾಂಡದಲ್ಲಿ ಗಿಣ್ಣು ಬಂದ ಮೇಲೆ ನಿಲ್ಲಿಸಬೇಕು ಎಂದಳು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಮುಂದೆ ಇನ್ನೊಂದು ದೇವಸ್ಥಾನ ಇತ್ತು. ನಾನು ಅವಳ ಫೋನ್ ನಂಬರ್ ಇಸಿದುಕೊಂಡು ಬಸ್ ಹತ್ತಿದೆ.

ಮಳೆ ಬಿದ್ದ ಮೇಲೆ ಸಸಿ ಮಡಿ ಮಾಡಿದೆ. ಗೆರೆ ಎಳೆದು ಗುಳಿ ತೋಡಿದೆ. ಜತೆಗೆ ಬಂದವರು ಪ್ರವಾಸದಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಗೆಳತಿಯರು. ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಾಳೆ, ಇನ್ನೊಬ್ಬಳು ಹುಡುಗರ ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಾಳೆ. ಅವರಿಬ್ಬರ ಮನೆಯ ಜಮೀನು ಎಂದೋ ಲೇಔಟ್ ಆಗಿಹೋಗಿತ್ತು. "ನಿನ್ನ ಹೊಲದಲ್ಲಾದ್ರೂ ಕೈ ಕೆಸರು ಮಾಡ್ಕೋತೀವಿ ಬಿಡು" ಎಂದು ಬಂದರು. ಕೂಲಿಯ ಬದಲು ರಾಗಿ ಕೊಡುತ್ತೇನೆ ಎಂದು ಮಾತಾಯಿತು.

ಕೊರಡಿಗೆ ಮರ ಬೇಕಲ್ಲ. ನಮ್ಮ ಸುತ್ತ ನೇಗಿಲು, ಕುಂಟೆ ಮಾಡುವ ಆಚಾರಿ ಈಗ ಒಬ್ಬರೂ ಇಲ್ಲ. ಇರುವವರೆಲ್ಲ ಮಾಡ್ಯುಲರ್ ಕಿಚನ್ ಮಾಡುವವರು. ಪಕ್ಕದ ಕಟ್ಟಡದ ಕೆಲಸದಲ್ಲಿ ಮೋಲ್ಡಿಂಗ್‌ಗೆ ಆಸರೆ ಕೊಡುವ ಸರ್ವೆ ಕಂಬಗಳ ರಾಶಿ ಬಿದ್ದಿತ್ತು. ಮೇಸ್ತ್ರಿಯ ಹತ್ತಿರ ಹೋಗಿ ಒಂದು ಕೇಳಿದೆ. ಯಾಕೆ ಎಂದ. ರಾಗಿಯ ಮೇಲೆ ಎಳೆಯಲು ಎಂದೆ. ಅವನು ನನ್ನ ಮುಖ ನೋಡಿ, ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಾಡದೆ ಕಂಬ ಕೊಟ್ಟುಬಿಟ್ಟ. ಸಿಪ್ಪೆ ಕೆತ್ತಿ ನಯ ಮಾಡಿ ಎರಡು ತುದಿಗೂ ಹಗ್ಗ ಕಟ್ಟಿದೆವು. ಎತ್ತು? ನಮ್ಮ ಸುತ್ತಮುತ್ತ ಉಳಿದಿರುವ ದನವೆಂದರೆ ಗೃಹಪ್ರವೇಶಕ್ಕೆ ಬಾಡಿಗೆಗೆ ಹೋಗುವ ಹಸು ಮತ್ತು ಕರು. ಆ ಹಸುವಿಗೆ ಲಿಫ್ಟ್ ಹತ್ತುವುದು ಗೊತ್ತು, ಹಗ್ಗ ಎಳೆಯುವುದು ಗೊತ್ತಿಲ್ಲ. ಕಂಬ ಹಗುರವಾಗಿಯೇ ಇತ್ತು. ನಾವೇ ಎಳೆಯೋಣ ಎಂದು ತೀರ್ಮಾನಿಸಿದೆವು.

ಮೊದಲ ಸಲ ಎಳೆದದ್ದು ಒಂದು ಭಾನುವಾರ. ನನ್ನ ಗೆಳತಿಯರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಸಸಿ ನೆಟ್ಟದ್ದು ಭಾನುವಾರ, ಗೊಬ್ಬರ ಹಾಕಿದ್ದು ಭಾನುವಾರ, ಕೊರಡೂ ಭಾನುವಾರ ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ಶನಿವಾರ ಸಂಜೆ ಚೆನ್ನಾಗಿ ಮಳೆ ಬಂತು. ನಾನು ಖುಷಿಯಾಗಿಯೇ ಇದ್ದೆ. ಬೆಳಿಗ್ಗೆ ಸೆರಗು ಸಿಕ್ಕಿಸಿ ಹಗ್ಗ ಹಿಡಿದು ಎಳೆದರೆ, ನಮ್ಮ ಕೆಂಪು ಮಣ್ಣು ಕಂಬಕ್ಕೆ ಮೆತ್ತಿಕೊಂಡು, ಮಣ್ಣಿನ ಜತೆ ಸಸಿಯೂ ಬುಡಸಮೇತ ಎದ್ದು ಬಂತು. ಮೂರು ಸಾಲು ಹೋದ ಮೇಲೆ ಹಿಂದಿರುಗಿ ನೋಡಿ ನಿಂತೆವು. ಗುಳಿಗಳೆಲ್ಲ ಖಾಲಿ. ಪಿ.ಜಿ. ಗೆಳತಿ ಅಲ್ಲೇ ಕೂತು ಅತ್ತಳು.

ಮುದುಕಿಗೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮುಂಚೆಯೇ ಅವಳ ಗಂಟಲು ಶುರುವಾಯಿತು. "ಮಳಿ ಬಿದ್ದ ಮರುದಿನ ಎಳದಿಯೇನ? ಹಸಿ ಆರೂತನ ತಡೀಬೇಕಿಲ್ಲೇನ?"

"ನಮಗೆ ಭಾನುವಾರ ಮಾತ್ರ ರಜಾ ಅವ್ವಾ."

"ರಜಾ ನಿಮಗೈತಿ. ಮಣ್ಣಿಗೆ ಐತವಾರ ಗೊತ್ತೇನವಾ? ಹಿಡಿ ಮಣ್ಣು ತಗೊಂಡು ಹಿಂಡು. ಉಂಡಿ ಆಗಿ, ಒತ್ತಿದರ ಪುಡಿ ಆಗಬೇಕು. ಅವತ್ತ ಎಳಿ, ಯಾವ ವಾರ ಇದ್ರೂ."

ಬೈಸಿಕೊಂಡು ಇಷ್ಟು ಸಮಾಧಾನ ಆದದ್ದು ನನಗೆ ಅದೇ ಮೊದಲು. ಮಡಿಯಲ್ಲಿ ಉಳಿದಿದ್ದ ಸಸಿಯನ್ನು ಖಾಲಿ ಗುಳಿಗೆ ಹಾಕಿದೆ. ಆದಷ್ಟು ಆಯಿತು, ಒಂದು ಮೂಲೆ ಬೋಳಾಗಿಯೇ ಉಳಿಯಿತು. ಬುಧವಾರ ಬೆಳಿಗ್ಗೆ ಮಣ್ಣು ಹಿಂಡಿ ನೋಡಿದೆ. ಉಂಡೆಯಾಗಿ, ಒತ್ತಿದರೆ ಪುಡಿಯಾಯಿತು. ಇಬ್ಬರಿಗೂ ಫೋನ್ ಮಾಡಿದೆ. ಒಬ್ಬಳು ಅರ್ಧ ದಿನ ರಜೆ ಹಾಕಿದಳು, ಇನ್ನೊಬ್ಬಳು ಹುಡುಗರಿಗೆ ಇಡ್ಲಿ ಇಳಿಸಿ ಓಡಿ ಬಂದಳು. ಈ ಸಲ ಕಂಬ ಪೈರಿನ ಮೇಲೆ ಸಲೀಸಾಗಿ ಹರಿಯಿತು. ಪೈರು ಮಲಗಿತು, ಬೇರು ಅಲುಗಲಿಲ್ಲ. ಕೊನೆಯ ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದರೆ, ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು.

ಮರುದಿನ ಬೆಳಿಗ್ಗೆ ನಾನು ಮೊದಲು ಹೊಲಕ್ಕೆ ಓಡಿದೆ. ಮುದುಕಿ ಹೇಳಿದ ಹಾಗೆ ಪೈರು ಎದ್ದು ನಿಂತಿತ್ತು. ಬಗ್ಗಿದ ಕಡೆ ಸ್ವಲ್ಪ ಡೊಂಕು, ತುದಿ ಮಾತ್ರ ಆಕಾಶಕ್ಕೆ. ನನಗೆ ಗಟ್ಟಿಯಾಗಿ ನಗು ಬಂತು. ನಗುತ್ತಲೇ ಮನೆಗೆ ಬಂದರೆ, ಭಾವ ಹಜಾರದಲ್ಲಿ ನಿಂತಿದ್ದರು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

ನಾವು ಮೂವರು ಹಗ್ಗ ಎಳೆಯುತ್ತಿರುವ ವಿಡಿಯೋ. ಹಿನ್ನೆಲೆಗೆ ಅಳುವ ಶಹನಾಯಿ. ಮೇಲೆ ದೊಡ್ಡಕ್ಷರದಲ್ಲಿ, ಎತ್ತು ಕೊಳ್ಳಲು ಗತಿಯಿಲ್ಲದೆ ನೊಗಕ್ಕೆ ಹೆಗಲು ಕೊಟ್ಟ ಬಡ ಹೆಂಗಸರು, ರಾಜಧಾನಿಯಲ್ಲೇ ಇಂಥ ದುಸ್ಥಿತಿ ಎಂದು ಬರೆದಿತ್ತು.

"ನಮ್ಮನೆ ಸೊಸೆ ಎತ್ತಿನ್ ತರ ಎಳೀತಾವ್ಳೆ ಅಂತ ನನ್ ಫ್ರೆಂಡ್ಸೇ ನನ್ಗೆ ಫಾರ್ವರ್ಡ್ ಮಾಡ್ತಾವ್ರೆ. ಇಷ್ಟೆಲ್ಲ ಬಿಲ್ಡಿಂಗ್ ಇಟ್ಕೊಂಡು ತಮ್ಮನ್ ಹೆಂಡ್ತಿಗೆ ಊಟಕ್ಕೆ ಹಾಕಲ್ವಾ ಅಂತಾರೆ. ಮಾನ ಮರ್ಯಾದೆ ಎಲ್ಲ ಹೋಯ್ತು!"

"ಮಾನ ಹೋಗೋಕೆ ನಾನೇನ್ ಕದ್ನಾ ಭಾವ? ನನ್ನ ಹೊಲದಲ್ಲಿ ನಾನು ಕೆಲಸ ಮಾಡ್ದೆ" ಎಂದೆ.

"ಅದು ಅಮ್ಮನ ಹೊಲ. ಸಾಕು ಇನ್ನು. ಬೆಳೆ ಗಿಳೆ ಏನೂ ಬೇಡ. ಈ ವಾರಾನೇ ಸೈನ್ ಮಾಡಿಸ್ತೀನಿ."

ಅತ್ತೆ ಅಡಕೆ ಕತ್ತರಿಸುತ್ತಿದ್ದರು. "ಒಕ್ಕಣೆ ಆಗ್ಲಿ ಅಂತ ಮಾತಾಗೈತೆ" ಎಂದಷ್ಟೇ ಹೇಳಿ ಕತ್ತರಿಸುವುದನ್ನು ಮುಂದುವರಿಸಿದರು. ನನ್ನ ಗಂಡ ಎರಡು ಕಡೆಗೂ ತಲೆಯಾಡಿಸಿ ಅಂಗಡಿಗೆ ಹೋದರು.

ಅವತ್ತಿನಿಂದ ನಮ್ಮ ಗೇಟಿಗೆ ಕನಿಕರದ ಸಾಲು ಶುರುವಾಯಿತು. ಯಾರೋ ಅಕ್ಕಿ ಮೂಟೆ ತಂದರು. ಯಾರೋ ಹಳೆ ಸೀರೆ ತಂದರು, ಅದರಲ್ಲಿ ಒಂದು ನನ್ನ ಮದುವೆ ಸೀರೆಗಿಂತ ಚೆನ್ನಾಗಿತ್ತು. ನಾನು ಬಂದವರಿಗೆಲ್ಲ ಕಾಫಿ ಕೊಟ್ಟು, ತಂದದ್ದನ್ನೆಲ್ಲ ವಾಪಸು ಕೊಟ್ಟು, ಗುಳಿ ರಾಗಿ ಎಂದರೆ ಏನೆಂದು ವಿವರಿಸಿದೆ. ಕಾಫಿ ಕುಡಿದರು, ವಿವರಣೆ ಯಾರೂ ಕೇಳಲಿಲ್ಲ. ನಾವು ಬಡವರಲ್ಲ, ಇದು ಕಲಿತ ವಿದ್ಯೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅಪಾರ್ಟ್‌ಮೆಂಟಿನ ಒಬ್ಬ ಗಂಡಸು ಕೈಗಡಿಯಾರ ನೋಡಿಕೊಳ್ಳುತ್ತ ಸೂರ್ಯ ಹುಟ್ಟುವ ಮುಂಚೆ ಬೀದಿಯಲ್ಲಿ ಓಡಿದರೆ ಅದಕ್ಕೆ ವ್ಯಾಯಾಮ ಅನ್ನುತ್ತಾರೆ. ಮೂವರು ಹೆಂಗಸರು ಸರ್ವೆ ಕಂಬ ಎಳೆದರೆ ಅದಕ್ಕೆ ದುಸ್ಥಿತಿ ಅನ್ನುತ್ತಾರೆ.

ಮುಂದಿನ ಕೊರಡಿನ ದಿನ ಹತ್ತಿರ ಬಂತು. ಅಷ್ಟರಲ್ಲಿ ಬಡಾವಣೆಯ ಮುಖಂಡರೊಬ್ಬರು, ಭಾವನ ಸ್ನೇಹಿತರು, ನಮಗೆ ಒಂದು ಜೊತೆ ಎತ್ತು ದಾನ ಕೊಡುತ್ತೇನೆಂದು ಘೋಷಣೆ ಮಾಡಿಬಿಟ್ಟಿದ್ದರು. ಭಾವ ಒಪ್ಪಿಕೊಂಡು ಬಂದಿದ್ದರು. "ಸುಮ್ನೆ ಹಗ್ಗ ಇಸ್ಕೊಂಡು, ಕೈಮುಗಿದು, ಎರಡ್ ಮಾತು ಥ್ಯಾಂಕ್ಸ್ ಹೇಳಮ್ಮ. ಮನೆ ಮರ್ಯಾದೆ ಉಳಿಯುತ್ತೆ. ಎತ್ತು ನಾನು ಯಾರಿಗಾದ್ರೂ ದಾಟಿಸ್ತೀನಿ" ಎಂದರು. ದಾನದ ದಿನ ಬೆಳಿಗ್ಗೆ ನಾನು ಎದ್ದು ಹೋಗಿ ಹಿಡಿ ಮಣ್ಣು ಹಿಂಡಿ ನೋಡಿದೆ. ಹದವಾಗಿತ್ತು. ಗೆಳತಿಯರಿಗೆ ಬರಹೇಳಿದೆ.

ಹೊಲದ ಅಂಚಿನಲ್ಲಿ ಶಾಮಿಯಾನ, ಮೈಕು, ನೊಂದ ರೈತ ಮಹಿಳೆಯರಿಗೆ ನೆರವು ಎಂಬ ಬ್ಯಾನರು. ನೊಂದ ಎನ್ನುವ ಪದ ಓದಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಎತ್ತುಗಳು ನಿಜಕ್ಕೂ ಚೆನ್ನಾಗಿದ್ದವು. ಕೊಂಬಿಗೆ ಬಣ್ಣ, ಕೊರಳಿಗೆ ಸೇವಂತಿಗೆ ಹಾರ. ಫೋಟೋಗೆ ಹಸಿರು ಹಿಂದೆ ಬರಲಿ ಎಂದು ಯಾರೋ ಅವನ್ನು ಹೊಲದೊಳಗೇ ಹೊಡೆದುಕೊಂಡು ಬಂದರು. ಮುಖಂಡರು ಹಗ್ಗ ಹಿಡಿದು ನಕ್ಕರು. ಬಲಗಡೆಯ ಎತ್ತು ತಲೆ ತಗ್ಗಿಸಿ, ನನ್ನ ರಾಗಿಯ ಒಂದು ಬುಡಕ್ಕೆ ನಾಲಗೆ ಸುತ್ತಿ, ತೆಂಡೆಸಮೇತ ಕಿತ್ತು ಬಾಯಿಗೆ ಹಾಕಿಕೊಂಡಿತು.

"ಬಾಯಿಕುಕ್ಕೆ ಎಲ್ಲಿ?" ಎಂದು ಕೂಗಿದೆ. ಬೆಳೆಯ ಮಧ್ಯೆ ಎತ್ತು ಇಳಿಸುವಾಗ ಅದರ ಬಾಯಿಗೆ ಹೆಣೆದ ಬುಟ್ಟಿ ಕಟ್ಟುತ್ತಾರೆ ಎನ್ನುವುದು ಅಲ್ಲಿದ್ದ ಯಾರಿಗೂ ನೆನಪಿರಲಿಲ್ಲ. ಎಡಗಡೆಯದೂ ತಲೆ ತಗ್ಗಿಸಿತು. ನಾನು ಓಡಿ ಹೋಗಿ ಎರಡರ ಮೂತಿಗೂ ಕೈಯಿಂದ ತಟ್ಟಿ, ಹಾರ ಹಿಡಿದು ಎಳೆದು ಬದುವಿನಾಚೆ ದಾಟಿಸಿದೆ. ಮುಖಂಡರ ಕೈಯಲ್ಲಿ ಹಗ್ಗ ಇದ್ದದ್ದರಿಂದ ಅವರೂ ದಾಟಿದರು.

ಮೈಕ್ ಹಿಡಿದಿದ್ದವನು ನಾನು ಎರಡು ಮಾತು ಆಡಲಿ ಎಂದು ಅದನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ.

"ನಾವು ನೊಂದವರಲ್ಲ. ಎತ್ತಿಲ್ಲ ಅಂತ ಎಳೀತಿಲ್ಲ, ಹಾವೇರಿಗೆ ಹೋಗಿ ಕಲ್ತು ಬಂದು ಎಳೀತಿದೀವಿ. ಎತ್ತು ಬೇಡ. ಕೊಡಲೇಬೇಕು ಅನ್ನಿಸಿದ್ರೆ ಒಂದು ಬಸ್ ಕೊಡಿ, ಇನ್ನೊಂದ್ಸಲ ಹೋಗಿ ಬರ್ತೀವಿ. ಅಲ್ಲಿ ನಾವು ಕೇಳಿದ್ದಕ್ಕಿಂತ ಕೇಳದೇ ಬಂದಿದ್ದು ಜಾಸ್ತಿ ಇದೆ. ಈಗ ಮಣ್ಣು ಹದವಾಗಿದೆ. ಬಿಸಿಲೇರೋಕೆ ಮುಂಚೆ ಕೆಲಸ ಮುಗೀಬೇಕು. ದಯವಿಟ್ಟು ಎಲ್ಲರೂ ಬದುವಿನ ಮೇಲೆ ನಿಂತ್ಕೊಳಿ."

ಮೈಕ್ ಕೊಟ್ಟು, ಸೆರಗು ಸಿಕ್ಕಿಸಿ, ನಾವು ಮೂವರೂ ಹಗ್ಗ ಹಿಡಿದೆವು. ಶಾಮಿಯಾನದಲ್ಲಿದ್ದವರ ಎದುರಿಗೇ, ಬಾಲ್ಕನಿಗಳ ಎದುರಿಗೇ, ಭಾವನ ಎದುರಿಗೇ ಉದ್ದಕ್ಕೂ ಅಡ್ಡಕ್ಕೂ ಎಳೆದೆವು. ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಗಾರ್ಮೆಂಟ್ಸ್ ಗೆಳತಿ ಮಾತ್ರ ನಗುತ್ತ "ಇವತ್ತು ಮೇಕಪ್ ಮಾಡ್ಕೊಂಡ್ ಬರ್ಬೇಕಿತ್ತು ಕಣೆ" ಎಂದಳು. ಅದನ್ನೂ ಜನ ಮೊಬೈಲಲ್ಲಿ ಹಿಡಿದರು. ಆದರೆ ಆ ವಿಡಿಯೋವನ್ನು ಯಾರೂ ಯಾರಿಗೂ ಕಳಿಸಿದಂತೆ ಕಾಣಲಿಲ್ಲ. ಅದರಲ್ಲಿ ಅಳುವಂಥದ್ದು ಏನೂ ಇರಲಿಲ್ಲವಲ್ಲ.

ಭಾವ ನನ್ನ ಜತೆ ಮಾತು ಬಿಟ್ಟರು. ಅತ್ತೆಯ ಹತ್ತಿರ ದಿನವೂ ಬಂದು ಕೂತು ಸಹಿಯ ಮಾತೆತ್ತುತ್ತಿದ್ದರು. ಅತ್ತೆ ದಿನವೂ "ಒಕ್ಕಣೆ ಆಗ್ಲಿ" ಎನ್ನುತ್ತಿದ್ದರು. ಅವರು ನನ್ನ ಪರವೋ ಮಗನ ಪರವೋ ನನಗೆ ಗೊತ್ತಾಗುತ್ತಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ತೆನೆ ಬಲಿಯುವ ಹೊತ್ತಿಗೆ ಅಕಾಲ ಮಳೆ ಬಂದು ಮೂರು ದಿನ ಹಿಡಿಯಿತು. ಆಗ ನಾನು ನಿಜಕ್ಕೂ ಹೆದರಿದೆ. ನಮ್ಮ ಪಕ್ಕದಲ್ಲಿ ಗುತ್ತಿಗೆಗೆ ಮಾಡಿ ಬೀಜ ಎರಚಿದವರ ರಾಗಿ ಪೂರ್ತಿ ಒರಗಿತು. ನನ್ನದು ದಪ್ಪ ಬುಡದ ಮೇಲೆ ನಿಂತೇ ಇತ್ತು. ಕಟ್ಟಡದ ನೆರಳು ಬೀಳುವ ಕಡೆ ತೆನೆ ಸಣ್ಣವು, ಬೋಳಾದ ಮೂಲೆಯಲ್ಲಿ ಏನೂ ಇಲ್ಲ. ಉಳಿದ ಕಡೆ ಮಾತ್ರ ನಾನು ಇಷ್ಟು ವರ್ಷದಲ್ಲಿ ನೋಡದ ತೆನೆ, ಮುಷ್ಟಿ ಕಟ್ಟಿದ ಕೈಯಷ್ಟು.

ಕೊಯ್ದು, ಮೆದೆ ಹಾಕಿ, ರಸ್ತೆಯ ಮೇಲೆ ಹಾಸಿ ವಾಹನಗಳ ಕೈಯಲ್ಲಿ ತುಳಿಸಿ ಒಕ್ಕಣೆ ಮಾಡಿದೆವು. ಡೆಲಿವರಿ ಹುಡುಗರು ಬೈದುಕೊಂಡೇ ನಮ್ಮ ರಾಗಿ ಬಿಡಿಸಿಕೊಟ್ಟರು. ಗೆಳತಿಯರ ಪಾಲು ಕೊಟ್ಟೆ. ನಮ್ಮ ಮನೆಯ ನೀಲಿ ಡ್ರಮ್ಮುಗಳು ತುಂಬಿದವು. ಓರಗಿತ್ತಿಯ ಮನೆಯವೂ ತುಂಬಿದವು. ಆಮೇಲೂ ಹಜಾರದಲ್ಲಿ ಮೂಟೆಗಳು ನಿಂತವು. ಎರಡು ಮನೆಯೂ ಮುಂದಿನ ಒಕ್ಕಣೆಯವರೆಗೆ ಉಣ್ಣಬಹುದಿತ್ತು.

ಭಾವ ಬಂದರು. ಡ್ರಮ್ಮಿನ ಮುಚ್ಚಳ ತೆಗೆದು ಕೈ ಹಾಕಿ ನೋಡಿದರು. ಕಾಳನ್ನು ಬೆರಳ ಸಂದಿಯಿಂದ ಬೀಳಿಸಿದರು. ಆಮೇಲೆ, "ಸರಿ, ಬಂದಿದೆ. ಒಪ್ಕೊಂಡೆ. ಆದ್ರೆ ಒಂದ್ ವರ್ಷ ಬಂತು ಅಂತ ಪ್ರತಿ ವರ್ಷ ಬರುತ್ತಾ? ಬಿಲ್ಡರ್‌ಗೆ ಇನ್ನೊಂದ್ ವರ್ಷ ಕಾಯಿ ಅಂತ ಹೇಳಿದೀನಿ. ಮುಂದಿನ ವರ್ಷ ನೋಡೋಣ" ಎಂದರು.

"ಬಾಯೇ ಬಿಡಲ್ಲ ಅಂದಿದ್ರಿ ಭಾವ. ರಾಗಿ ಬಂದ್ರೆ ಮುಗೀತು ಅಂದಿದ್ರಿ. ಈಗ ಪ್ರತಿ ವರ್ಷ ನಾನು ಪರೀಕ್ಷೆಗೆ ಕೂತ್ಕೋಬೇಕಾ? ನಿಮ್ ಕಟ್ಟಡ ಒಂದ್ ವರ್ಷ ಬಾಡಿಗೆ ಬರ್ದಿದ್ರೆ ಕೆಡವ್ತೀರಾ?" ಎಂದು ಕೂಗಿಬಿಟ್ಟೆ. ಅವರೂ ಕೂಗಿದರು. ನನ್ನ ಗಂಡ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತರು. ಈ ಸಲ ಯಾವ ಕಡೆಗೂ ತಲೆಯಾಡಿಸಲಿಲ್ಲ. "ಮಾತು ನಿಂದೇ ಅಣ್ಣ" ಎಂದರು, ಸಣ್ಣ ದನಿಯಲ್ಲಿ.

ಅತ್ತೆ ಮೊರದಲ್ಲಿ ಹೊಸ ರಾಗಿ ಕೇರುತ್ತಿದ್ದರು. ಹೊಟ್ಟು ಊದಿ, ಮೊರ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ನನ್ನನ್ನು ಕೇಳಿದರು. "ಆ ಬಸ್ಸು ಮತ್ತೆ ಯಾವಾಗ ಓಯ್ತದೆ?"

"ಮುಂಗಾರಿಗೆ ಮುಂಚೆ ಅತ್ತೆ. ಈ ಸಲ ಬೇರೆ ಕಡೆಗಂತೆ, ರಾಯಚೂರಿನ ಕಡೆ ಜೋಳದ ಹೊಲಕ್ಕೆ."

"ನನ್ನೆಸ್ರೂ ಬರ್ಸು."

ಭಾವ ನಕ್ಕರು. "ಅಮ್ಮಾ, ಈ ವಯಸ್ಸಲ್ಲಿ ಅಷ್ಟು ದೂರ ನಿಂಗ್ಯಾಕೆ? ಒಂದು ಸೈನ್ ಹಾಕ್ಬಿಟ್ರೆ ಆರಾಮಾಗಿ ಕೂತಿರ್ಬೋದಲ್ಲ?"

ಅತ್ತೆ ಗೋಡೆ ಹಿಡಿದು ಎದ್ದರು. ಸೀರೆಯ ಮೇಲಿನ ಹೊಟ್ಟು ಕೊಡವಿಕೊಂಡರು.

"ಜಮೀನಿರೋಳು ನಾನು ಕಣಪ್ಪ, ಕಲೀಬೇಕಾದೋಳೂ ನಾನೇ. ಸೈನ್ ಆಕಕ್ಕೆ ಕೈ ನಡುಗ್ತದೆ ನಂಗೆ. ಬಸ್ ಏರಕ್ಕೆ ಕಾಲು ಗಟ್ಟಿಯಾಗೇ ಅವೆ."